ಮೊಣಕೈ ಯಾರದು

ಗಂಡ: ನೋಡು, ಇದ್ದ ಒಂದು ಮೊಣಕೈಯನ್ನೂ ನುಂಗಿಬಿಡ್ತು ನಿನ್ನ ಹೊಸ ಟಿವಿ.

ಹೆಂಡತಿ: ಇಲ್ಲದ ಮೊಣಕೈನ ಟಿವಿ ಎಲ್ಲಿಂದ ತರಬೇಕು?

ಹೊಲಿಗೆ ಮೆಷಿನ್ನಿನ ಮುಂದೆ ನಲವತ್ತು ವರ್ಷ ಕೂತ ಹೆಂಗಸು ಅವಳು. ಒಂದು ನೂಲು ಅತ್ತಿತ್ತ ಆದರೂ ಬಿಡುತ್ತಿರಲಿಲ್ಲ. ಅವಳ ತಮ್ಮನ ಮದುವೆಯ ವಿಡಿಯೋದಲ್ಲಿ, ಮನೆಯವರೆಲ್ಲ ಸಾಲಾಗಿ ನಿಂತ ಕಡೆ, ಹಳೇ ಟಿವಿಯ ಬಲ ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತಿತ್ತು. ಅದು ನನ್ನದು ಎಂದು ಗಂಡ. ಲೈಟ್ ಹಿಡಿದವನದು, ನೀವು ಎಲ್ಲೋ ಮಲಗಿದ್ದಿರಿ ಎಂದು ಅವಳು. ಇಪ್ಪತ್ತಾರು ವರ್ಷದ ಜಗಳ. ಭಾವ ಮಲಗಿದ್ದರೆಂದು ತಮ್ಮನ ಕಿವಿಗೆ ಹಾಕಿದವಳೂ ಅವಳೇ. ಅಂದಿನಿಂದ ಅವನಿಗೆ ಭಾವನ ಮೇಲೆ ಮುನಿಸು. ಇವತ್ತು ಸಂಜೆ ಅವನು ಊಟಕ್ಕೆ ಬರುವವನಿದ್ದ. ಸೋತವರು ಅವನ ಮುಂದೆ ತಪ್ಪಾಯಿತು ಅನ್ನಬೇಕೆಂದು ಗಂಡಹೆಂಡಿರಲ್ಲಿ ಮಾತಾಗಿತ್ತು.

ಗಂಡ ಎದ್ದು ಹೋಗಿ, ಗೋಡೆಗೆ ಕೆನ್ನೆ ಒತ್ತಿ, ಟಿವಿಯ ಹಿಂದೆ ಇಣುಕಿದ.

ಹೆಂಡತಿ: ಏನ್ರೀ, ಅಲ್ಲಿ ಕೂತಿದ್ದೀರಾ? ಸಿಕ್ಕಿದ್ರೆ ಕರ್ಕೊಂಡು ಬನ್ನಿ.

ಟಿವಿಯನ್ನು ಗೋಡೆಗೆ ಕೂರಿಸಿ, ಡ್ರಿಲ್ಲಿನ ಪುಡಿ ಗುಡಿಸುತ್ತಿದ್ದ ಮೆಕ್ಯಾನಿಕ್ ಪೊರಕೆ ಕೆಳಗಿಟ್ಟ.

ಮೆಕ್ಯಾನಿಕ್: ಯಜಮಾನ್ರೇ, ನೀವು ಹಿಂದೆ ಇಲ್ಲ, ಹೊರಗಿದ್ದೀರಿ. ಈ ಪರದೆಗೆ ಇಷ್ಟೇ ಚುಕ್ಕಿ ಅಂತ ಇರುತ್ತೆ. ಡಿಸ್ಕ್ ಓಡಿಸೋ ಪೆಟ್ಟಿಗೆ ಅದಕ್ಕಿಂತ ಕಮ್ಮಿ ಕಳಿಸ್ತಿದೆ. ಟಿವಿ ಅದನ್ನೇ ಎಳೆದೆಳೆದು ತುಂಬಿಸುತ್ತೆ. ಎಳೆದಾಗ ಅಂಚು ಆಚೆ ಹೋಗುತ್ತೆ.

ಗಂಡ: ಕೇಳಿದ್ಯಾ? ನಾನಾಗೇ ಹೋಗಿಲ್ಲ, ಎಳೆದು ಹಾಕಿದ್ದಾರೆ.

ಹೆಂಡತಿ: ಅಂದ್ರೆ ದಿಂಬಿಗೆ ಸಾಲದ ಬಟ್ಟೆನ ಎಳೆದು ಹೊಲಿದ ಹಾಗೆ. ಅಂಚಿನ ಹೂವೆಲ್ಲ ಮಡಿಕೆ ಒಳಗೆ ಹೋಗಿಬಿಡುತ್ತೆ.

ಮೆಕ್ಯಾನಿಕ್: ಅದೇ ಅಮ್ಮ. ಇಪ್ಪತ್ತು ಮನೇಲಿ ಹೇಳಿದ್ದೀನಿ, ಅರ್ಥ ಆಗಿದ್ದು ನಿಮಗೊಬ್ಬರಿಗೇ.

ಗಂಡ: ಅವಳಿಗೆ ಅರ್ಥ ಎಲ್ಲಾ ಆಗುತ್ತೆ, ಒಪ್ಪಲ್ಲ ಅಷ್ಟೆ.

ಹೆಂಡತಿ: ಹಳೇ ಟಿವಿಲೂ ಇವರು ಇರಲಿಲ್ವಲ್ಲಪ್ಪ.

ಮೆಕ್ಯಾನಿಕ್: ಹಳೇ ಡಬ್ಬಾ ಟಿವಿಗಳೂ ಅಂಚು ಕತ್ತರಿಸ್ತಿದ್ವು. ಪೂರ್ತಿ ಚಿತ್ರನ ನೀವಿನ್ನೂ ನೋಡೇ ಇಲ್ಲ.

ಪೂರ್ತಿ ತೋರಿಸಲೆಂದು ಅವನು ರಿಮೋಟ್ ಎತ್ತಿಕೊಂಡ.

ಹೆಂಡತಿ: ಇರ್ಲಿ ಬಿಡು. ಎಲ್ಲರೂ ಎಳೆಸಿಕೊಂಡು ದುಂಡುದುಂಡಗೆ ಚೆನ್ನಾಗೇ ಕಾಣ್ತಿದ್ದಾರೆ.

ಗಂಡ: ಈಗ ಹೆದರಿದಳು. ಒತ್ತಪ್ಪ ನೀನು.

ಮೆಕ್ಯಾನಿಕ್: ಹಾಸಿಗೆ ಇದ್ದಷ್ಟು ಕಾಲು ಚಾಚಿಸ್ತೀನಿ. ಒಂದು ಚುಕ್ಕಿಗೆ ಒಂದು ಚುಕ್ಕಿ, ಅಷ್ಟೆ.

ಪರದೆ ಕಪ್ಪಾಗಿ ಮತ್ತೆ ಬೆಳಗಿತು. ನಾಲ್ಕೂ ಬದಿಗೆ ಕಪ್ಪು ಪಟ್ಟಿ ಬಂದು, ಊದಿದ್ದ ಮುಖಗಳು ತೆಳ್ಳಗಾದವು. ಬಲಗಡೆ ಮೊಣಕೈ, ಮೊಣಕೈಗೆ ತೋಳು, ತೋಳಿಗೆ ಗಂಡ. ಮನೆಮಂದಿಯ ಕೈಚೀಲಗಳನ್ನೆಲ್ಲ ಹೊತ್ತು, ಕಂಬದ ಹಾಗೆ ನಿಂತಿದ್ದ, ಕಣ್ಣು ತೆರೆದುಕೊಂಡು.

ಗಂಡ: ಈಗ ಹೇಳು.

ಮೆಕ್ಯಾನಿಕ್: ಅಮ್ಮ, ಎಡಗಡೆ ಅಂಚಲ್ಲಿ ಕುರ್ಚಿ ಮೇಲೆ ಬಾಯಿ ಬಿಟ್ಕೊಂಡು ಮಲಗಿದ್ದಾರಲ್ಲ, ಅವರು ಯಾರು?

ಮಲಗಿದ್ದವರ ರವಿಕೆಯ ತೋಳಿನ ನೆರಿಗೆ ಹೊಲಿದವಳು ಅವಳೇ, ತೊಟ್ಟವಳೂ ಅವಳೇ.

ಹೆಂಡತಿ: ಮದುವೆಯ ಹಿಂದಿನ ವಾರವೆಲ್ಲ ಕೂತು ಅಷ್ಟೂ ಜನರ ಬಟ್ಟೆ ಹೊಲಿದಿದ್ದೆ ರೀ.

ಗಂಡ: ನಾನೇನಾದ್ರೂ ಕೇಳಿದ್ನಾ?

ಬಾಗಿಲ ಬೆಲ್ ಆಯಿತು. ಅವಳ ಮುಖ ನೀರಿಗೆ ಬಿದ್ದ ಹೊಸ ಬಟ್ಟೆಯ ಹಾಗೆ ಕುಗ್ಗಿತು. ಗಂಡ ಅದನ್ನು ನೋಡಿದ, ಪರದೆಯಲ್ಲಿದ್ದ ತನ್ನನ್ನೂ ಒಂದು ಸಲ ಕಣ್ತುಂಬ ನೋಡಿಕೊಂಡ.

ಗಂಡ: ಸ್ವಲ್ಪ ಹಿಗ್ಗಿಸಿಬಿಡಪ್ಪ. ಎಡಗಡೆ ಹೋಗ್ಲಿ.

ಮೆಕ್ಯಾನಿಕ್: ಎಡ ಹೋದ್ರೆ ಬಲಾನೂ ಹೋಗುತ್ತೆ ಯಜಮಾನ್ರೇ. ನಿಮ್ಮ ಸಾಕ್ಷಿ?

ಗಂಡ: ಮೊಣಕೈ ಉಳಿಸು, ಸಾಕು. ಇಷ್ಟು ವರ್ಷ ಅದರಲ್ಲೇ ಬಾಳಿದ್ದೀನಿ.

ತಮ್ಮ ಚಪ್ಪಲಿ ಬಿಡುತ್ತಲೇ ಪರದೆಯತ್ತ ನೋಡಿದ.

ತಮ್ಮ: ಹೊಸ ಟಿವಿ ಬಂದ್ರೂ ಅದೇ ಮೊಣಕೈನಾ ಅಕ್ಕ? ಆ ಲೈಟಿನವನದು?

ಹೆಂಡತಿ: ಯಾವ ಲೈಟಿನವನೋ? ಅದು ನಿಮ್ಮ ಭಾವನ ಮೊಣಕೈ. ಇಪ್ಪತ್ತಾರು ವರ್ಷದಿಂದ ಬಡ್ಕೊಳ್ತಿದ್ದೀನಿ, ನೀನು ಎಲ್ಲಿ ಕೇಳ್ತೀಯ?