ಸಮುದ್ರಕ್ಕೆ ಹೊರಟ ಹಸಿ ಗೋಣಿಚೀಲ

ಸಮುದ್ರ ನೋಡಲು ಹೋಗುವಾಗ ಮನೆಯಿಂದ ನೀರು ಹೊತ್ತುಕೊಂಡು ಹೋದ ಮನುಷ್ಯ ಈ ಭೂಮಂಡಲದಲ್ಲಿ ಒಬ್ಬನೇ ಇರಬೇಕು. ದೈವವೋ ದುರ್ದೈವವೋ, ಆತ ನನ್ನ ಸ್ವಂತ ಕಾಕಾ, ಅಪ್ಪನ ತಮ್ಮ! ಬಾಟಲಿಯಲ್ಲಿ ಒಯ್ದಿದ್ದರೆ ಯಾರು ಕೇಳುತ್ತಿದ್ದರು? ದೊಡ್ಡ ದೊಡ್ಡ ಕ್ಯಾನುಗಳಲ್ಲಿ, ಮುಚ್ಚಳ ಬಿಗಿದು, ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಒಯ್ದ. ಅದೂ ಎಲ್ಲಿ? ನಾನು ಆಳಂದದ ನನ್ನ ಬಟ್ಟೆ ಅಂಗಡಿಯ ಗಳಿಕೆಯಲ್ಲಿ ಕೊಂಡು, ಸೀಟಿನ ಪ್ಲಾಸ್ಟಿಕ್ಕನ್ನೂ ತೆಗೆಯದೆ ಜೋಪಾನ ಮಾಡಿದ್ದ ನನ್ನ ಕಾರಿನಲ್ಲಿ.

ಗೋಣಿಚೀಲಕ್ಕೂ ನಮ್ಮ ಕಾಕಾನಿಗೂ ಇರುವ ಸಂಬಂಧವನ್ನು ಮೊದಲು ಹೇಳಬೇಕು. ನಮ್ಮೂರು ನಿಂಬರ್ಗಾದಲ್ಲಿ ಬೇಸಿಗೆ ಬಂತೆಂದರೆ ಜೋಳದ ಕಣಿಕೆಯ ಬಣವೆಗಳಿಗೆ ಬೆಂಕಿಯ ಭಯ. ಎಲ್ಲಿಂದಲೋ ಒಂದು ಕಿಡಿ ಹಾರಿದರೆ ದನಗಳ ವರ್ಷದ ಮೇವು ಹೋಯಿತು. ಆಗ ಊರವರು ಗೋಣಿಚೀಲ ನೀರಿನಲ್ಲಿ ಅದ್ದಿ, ಹಸಿ ಬೇವಿನ ಟೊಂಗೆ ಹಿಡಿದು ಬಡಿದು ಆರಿಸುತ್ತಾರೆ. ಕಾಕಾ ಹುಡುಗನಾಗಿದ್ದಾಗ ಪಕ್ಕದವರ ಬಣವೆಯನ್ನು ಹೀಗೆ ಒಬ್ಬನೇ ಉಳಿಸಿದನಂತೆ. ಊರವರು ಹೂಮಾಲೆ ಹಾಕಿದರಂತೆ. ಆ ಮಾಲೆ ಒಣಗಿ ಉದುರಿ ಎಷ್ಟೋ ಕಾಲವಾಯಿತು, ಕಾಕಾನ ತಲೆಯೊಳಗೆ ಮಾತ್ರ ಇನ್ನೂ ಬಾಡಿಲ್ಲ!

ಅಂದಿನಿಂದ ಆತ ಎಲ್ಲಿ ಹೋದರೂ ಒದ್ದೆ ಗೋಣಿಚೀಲ ಹಾಜರು. ನನ್ನ ಮದುವೆಯಲ್ಲಿ ಅಕ್ಕಿಕಾಳು ಹಾಕಲು ಎಲ್ಲರೂ ಮಂಟಪದ ಹತ್ತಿರ ನಿಂತಿದ್ದರೆ, ಈತ ಅಡುಗೆಯವರ ಒಲೆಯ ಹತ್ತಿರ ಕಾವಲು ನಿಂತಿದ್ದ. ಒಲೆ ತುಸು ಜೋರಾಗಿ ಉರಿದದ್ದೇ ತಡ, ಗೋಣಿಚೀಲ ಹಾಕಿ ಒಲೆಯನ್ನೇ ಮುಚ್ಚಿಬಿಟ್ಟ! ಬೀಗರು ಅರ್ಧ ಬೆಂದ ಅನ್ನ ಉಂಡರು. "ಅಗಳು ಗಟ್ಟಿ ಇದ್ದಷ್ಟೂ ಸಂಬಂಧ ಗಟ್ಟಿ ಇರ್ತಾವ್ರಿ," ಎಂದು ಬೀಗರಿಗೇ ಸಮಾಧಾನ ಹೇಳಿದ. ನನ್ನ ಅತ್ತೆ ಇವತ್ತಿಗೂ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಮೊದಲು ಅನ್ನವನ್ನು ಬೆರಳಿನಲ್ಲಿ ಹಿಚುಕಿ ನೋಡುತ್ತಾರೆ.

ಇಂಥವನಿಗೆ ಸಮುದ್ರದ ಹುಚ್ಚು ಯಾಕೆ ಹಿಡಿಯಿತು? ಹುಚ್ಚು ಆತನದಲ್ಲ, ಕಾಕಿಯದು. ಮದುವೆಯಾದ ವರ್ಷ ಇಬ್ಬರೂ ಘತ್ತರಗಿಗೆ ಹೋಗಿ ಭಾಗ್ಯವಂತಿಯ ದರ್ಶನ ಮಾಡಿ, ಭೀಮಾ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದಾಗ ಹೊಸ ಹೆಂಡತಿ ಕೇಳಿದಳಂತೆ: "ಏನ್ರಿ, ಇಷ್ಟು ನೀರು ಎಲ್ಲಿಗಿ ಹೋಗ್ತಾವ?"

"ಸಮುದ್ರಕ್ಕ. ಮುಂದಿನ ವರ್ಷ ತೋರಿಸ್ತೇನಿ."

ಹೊಸ ಗಂಡನ ಬಾಯಿಂದ ಬಂದ ಮಾತು! ಆದರೆ ಮುಂದಿನ ವರ್ಷ ಮಳೆ ಚೆನ್ನಾಗಿ ಬಂತು, ಅದರ ಮುಂದಿನ ವರ್ಷ ಎತ್ತಿಗೆ ಕಾಯಿಲೆ ಬಂತು, ಆಮೇಲೆ ಮಕ್ಕಳು, ಮಕ್ಕಳ ಸಾಲೆ, ಮಕ್ಕಳ ಲಗ್ನ. ಕಾಕಿ ಪ್ರತಿ ವರ್ಷ ಅದೇ ಮೆಟ್ಟಿಲ ಮೇಲೆ ಕೂತು ಕೇಳಿದಳು, ಕಾಕಾ ಪ್ರತಿ ವರ್ಷ ಅದೇ ಉತ್ತರ ಕೊಟ್ಟ. ಕೊನೆಗೆ ಅವರ ಮನೆಯಲ್ಲಿ ಸಮುದ್ರಕ್ಕೆ 'ಮುಂದಿನ ವರ್ಷ' ಎಂದೇ ಹೆಸರು ಬಿತ್ತು. ಟೀವಿಯಲ್ಲಿ ತೆರೆಗಳು ಕಂಡರೆ ಕಾಕಿ ಮೊಮ್ಮಗಳನ್ನು ಕರೆದು, "ನೋಡ್ ಬೇ, ಮುಂದಿನ ವರ್ಷ ಬಂತು," ಎನ್ನುತ್ತಿದ್ದಳು. ನಗುತ್ತಲೇ ಎನ್ನುತ್ತಿದ್ದಳು. ಆ ನಗು ಕಾಕಾನನ್ನು ಎಲ್ಲಿ ಚುಚ್ಚುತ್ತಿತ್ತೋ ನಮಗೆ ತಿಳಿಯದು. ಈ ಸಲ ತೊಗರಿ ರಾಶಿ ಮುಗಿದ ದಿನ ಕಣದಲ್ಲೇ ನಿಂತು ಘೋಷಿಸಿಬಿಟ್ಟ: "ಈ ಬ್ಯಾಸಿಗ್ಯಾಗ ಸಮುದ್ರ! ಹೋಗಲಿಲ್ಲಂದ್ರ ನಾ ಈ ಊರಾಗ ತಲಿ ಎತ್ತಿ ತಿರುಗಂಗಿಲ್ಲ!"

ಅದೇ ವಾರ ಟೀವಿಯವರಿಗೂ ಬೇರೆ ಸುದ್ದಿ ಸಿಗಬಾರದೇ? ಘಟ್ಟದ ಕಾಡಿಗೆ ಬೆಂಕಿ, ಗುಡ್ಡದ ತುಂಬ ಹೊಗೆ. ನಮ್ಮ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು.

"ಏ ತಮ್ಮಾ, ಬೆಂಕ್ಯಾಗ ಬೀಳಾಕ ಹೊಂಟೀಯೇನು? ಮಳಿ ಬಂದ ಮ್ಯಾಲ ಹೋಗ್ರಿ."

"ಮಳಿ ಬಂದ ಮ್ಯಾಲ ಬಿತ್ತೋರು ಯಾರು ವೈನಿ? ಬಿತ್ತಿದ ಮ್ಯಾಲ ಕಳೆ. ಕಳೆ ಆದ ಮ್ಯಾಲ ಹೂವ, ಹೂವಿನ ಹಿಂದ ಹುಳ, ಹುಳದ ಹಿಂದ ರಾಶಿ. ತೊಗರಿ ನಮಗ ರಜಾ ಕೊಡೋದು ಇದೊಂದ ಬ್ಯಾಸಿಗ್ಯಾಗ. ಬೆಂಕಿಗೂ ಇದs ರಜಾ. ಇಬ್ಬರೂ ಕೂಡೇ ಹೋಗ್ತೇವಿ ಬಿಡು!"

ಇಂಥ ತರ್ಕಕ್ಕೆ ಯಾರು ಎದುರು ನಿಲ್ಲುತ್ತಾರೆ? ಅವ್ವ ಸೆರಗು ಬಿಚ್ಚಿ ಹೊರಟುಹೋದಳು. ಕಾರು ನನ್ನದು, ಓಡಿಸಲು ಬರುವುದು ನನಗೊಬ್ಬಳಿಗೇ. ಆದ್ದರಿಂದ ನನ್ನನ್ನು ಯಾರೂ ಕೇಳಲೇ ಇಲ್ಲ!

ಇನ್ನು ತಯಾರಿ. ಅಂಕೋಲೆಯಲ್ಲಿ ಒಂದು ಸಣ್ಣ ಲಾಡ್ಜಿನ ಫೋನ್ ನಂಬರು ಯಾರೋ ಕೊಟ್ಟರು. ಕಾಕಾ ದಿನಾ ಬೆಳಿಗ್ಗೆ ಚಹಾ ಕುಡಿಯುವ ಮೊದಲು ಅದರ ಮಾಲೀಕನಿಗೆ ಫೋನು ಹಚ್ಚತೊಡಗಿದ.

"ಶರಣ್ರೀ! ನಿಮ್ಮ ಕಡಿ ಹೊಗಿ ಅದ ಏನ್ರಿ?"

"ನನ್ನ ಬೀಡಿ ಹೊಗೆ ಬಿಟ್ರೆ ಬೇರೆ ಎಂತದೂ ಇಲ್ಲ ಮಾರಾಯ್ರೆ."

"ಅದನ್ನೂ ಆರಿಸಿಬಿಡ್ರಿ. ಒಂದು ಕಿಡಿ ಸಾಕು!"

ಒಂದು ದಿನ ಕಾಕಾ ಫೋನು ಮಾಡುವುದು ಮರೆತ. ಮಧ್ಯಾಹ್ನ ಮಾಲೀಕರೇ ಫೋನು ಮಾಡಿದರು. "ಇವತ್ತೂ ಹೊಗೆ ಇಲ್ಲ, ನೀವು ಕೇಳ್ಲಿಲ್ಲ, ಅದಕ್ಕೆ ಹೇಳಿದೆ," ಎಂದರು. ಇಷ್ಟರಲ್ಲಿ ಬೀಡಿಯನ್ನೂ ಬಿಟ್ಟಿದ್ದರಂತೆ! ಊರಿನ ಡಾಕ್ಟರಿಂದ ಆಗದ ಕೆಲಸ ನಮ್ಮ ಕಾಕಾನ ಫೋನಿನಿಂದ ಆಯಿತು.

ಹೊರಡುವ ದಿನ ಕಾರು ನೋಡಿ ನನ್ನ ಜೀವ ಬಾಯಿಗೆ ಬಂತು. ಡಿಕ್ಕಿಯ ತುಂಬ ಕ್ಯಾನುಗಳು, ಒದ್ದೆ ಗೋಣಿಚೀಲಗಳು. ಸೀಟಿನ ಕೆಳಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ. ಮೇಲೆ ಕ್ಯಾರಿಯರಿನ ತುಂಬ ಹಸಿ ಬೇವಿನ ಟೊಂಗೆ! ಕಾರಿನ ಬಣ್ಣ ಯಾವುದೆಂದು ತಿಳಿಯುವಂತಿರಲಿಲ್ಲ.

"ಕಾಕಾ, ಇದೇನು ಕಾರೋ, ಬೇವಿನ ಗಿಡನೋ?"

"ನೀ ಸುಮ್ಮ ಗಾಡಿ ಹೊಡಿ ಮಗಳ. ಬಂದೋಬಸ್ತ್ ನಂದು."

ಊರಿಗೊಮ್ಮೆ ಇಳಿದು ಟೊಂಗೆಗಳಿಗೆ ನೀರು ಚಿಮುಕಿಸುವುದು ಆತನ ನೇಮ. ಸಿಂದಗಿಯ ಆಚೆ ಒಂದು ಪೆಟ್ರೋಲ್ ಬಂಕಿನಲ್ಲಿ ಹೀಗೆ ಚಿಮುಕಿಸುತ್ತಿದ್ದಾಗ, ಒಬ್ಬ ಮುದುಕಿ ಚಪ್ಪಲಿ ಬಿಟ್ಟು ಬಂದು ನನ್ನ ಬಾನೆಟ್ಟಿಗೆ ಹಣೆ ಹಚ್ಚಿ ನಮಸ್ಕಾರ ಮಾಡಿದಳು.

"ಯಾವ ದೇವಿನ್ರೀ ಒಳಗ?"

ಹಿಂದಿನ ಸೀಟಿನಲ್ಲಿ ಕಾಕಿ ರೊಟ್ಟಿ ಮುರಿಯುತ್ತ ಕೂತಿದ್ದಳು. ಕಾಕಾ ಒಂದು ಕ್ಷಣ ಆಕೆಯ ಕಡೆ ನೋಡಿದ. "ನಮ್ಮ ಮನಿ ದೇವಿ ಅದಾಳ್ರಿ. ಸಮುದ್ರಕ್ಕ ಹೊಂಟಾಳ," ಎಂದು ಗಂಭೀರವಾಗಿ ಒಂದು ಬೇವಿನ ಎಲೆ ಕಿತ್ತು ಪ್ರಸಾದವೆಂದು ಕೊಟ್ಟ. ಮುದುಕಿ ಕಣ್ಣಿಗೆ ಒತ್ತಿಕೊಂಡಳು. ಕಾಕಿ ರೊಟ್ಟಿ ನೆತ್ತಿಗೇರಿ ಕೆಮ್ಮಿದಳು.

ಸಿಂದಗಿಗಿಂತ ಮೊದಲು ಘತ್ತರಗಿಯಲ್ಲಿ ನಿಂತಿದ್ದೆವು, ಅದನ್ನು ಹೇಳುವುದೇ ಮರೆತೆ. ಹೊಳೆ ಬೇಸಿಗೆಗೆ ಸೊರಗಿತ್ತು. ಕಾಕಿ ಸೀರೆ ಎತ್ತಿ ಹಿಡಿದು ನೀರಿಗಿಳಿದು, ತನ್ನ ತವರಿನ ಹಿತ್ತಾಳೆ ತಂಬಿಗೆಯಲ್ಲಿ ಭೀಮಾ ನೀರು ತುಂಬಿ, ಬಾಯಿಗೆ ಅರಿವೆ ಕಟ್ಟಿದಳು. "ಇದನ್ನ ನನ್ನ ಕೈಲೆ ಸಮುದ್ರಕ್ಕ ಹಾಕ್ತೇನಿ. ಎಷ್ಟು ವರ್ಷದಿಂದ ಕೇಳಾಕತ್ತೇನಿ, ಎಲ್ಲಿಗಿ ಹೋಗ್ತಾವ ಅಂತ. ಮುಟ್ಟಿದ್ದು ಕಣ್ಣಿಲೆ ನೋಡ್ಬೇಕು," ಎಂದಳು.

ನನಗೆ ಸುಮ್ಮನಿರಲು ಬರುವುದಿಲ್ಲ. "ಕಾಕೀ, ಭೀಮಾ ಕೃಷ್ಣಾಕ್ಕ ಕೂಡಿ ಮೂಡಣ ಸಮುದ್ರಕ್ಕ ಹೋಗ್ತಾಳ. ನಾವು ಹೊಂಟಿದ್ದು ಪಡುವಣಕ್ಕ!"

ಕಾಕಿಯ ಮುಖ ಸಣ್ಣದಾಯಿತು. ಕಾಕಾ ನನ್ನನ್ನು ನುಂಗುವಂತೆ ನೋಡಿ, "ಹೊಳಿಗಿ ಹಾದಿ ತಪ್ಪಿದ್ರ ನಾವೇನ್ ಮಾಡೂಣು? ಎಲ್ಲಾ ಸಮುದ್ರ ಒಳಗೊಳಗ ಬೀಗರೇ ಇರ್ತಾವ. ನಡಿ!" ಎಂದ. ಕಾಕಿ ನಕ್ಕು ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಹುಬ್ಬಳ್ಳಿಯಲ್ಲಿ ತಂಗಿದಾಗಲೂ ಅದು ಆಕೆಯ ದಿಂಬಿನ ಪಕ್ಕದಲ್ಲೇ ಇತ್ತು.

ಮರುದಿನ ಯಲ್ಲಾಪುರ ದಾಟಿ ಘಟ್ಟ ಇಳಿಯತೊಡಗಿದಾಗ ಎದುರಿಗೆ ವಾಹನಗಳ ಸಾಲು ನಿಂತಿತ್ತು. ರಸ್ತೆಯ ಪಕ್ಕದ ಇಳಿಜಾರಿನಲ್ಲಿ ತರಗೆಲೆಗೆ ಬೆಂಕಿ ಹತ್ತಿತ್ತು. ದೊಡ್ಡ ಬೆಂಕಿಯೇನಲ್ಲ, ಮೊಣಕಾಲೆತ್ತರದ ಉರಿ. ಆದರೆ ಉದ್ದಕ್ಕೆ ಹಬ್ಬಿ ರಸ್ತೆಯ ಕಡೆಗೇ ಬರುತ್ತಿತ್ತು. ಅರಣ್ಯದ ಕಾವಲುಗಾರರು ಕೆಲವರೇ ಇದ್ದರು, ಸೊಪ್ಪಿನ ಟೊಂಗೆ ಹಿಡಿದು ಬಡಿಯುತ್ತಿದ್ದರು. ಉಳಿದವರು ಮೇಲಿನ ಗುಡ್ಡಕ್ಕೆ ಹೋಗಿದ್ದರಂತೆ. ಅವರಲ್ಲೊಬ್ಬ ಬೆವರು ಒರೆಸಿಕೊಳ್ಳುತ್ತ ಬಂದು, "ವಾಪಸ್ ತಿರುಗಿಸ್ಕೊಳ್ಳಿ, ಇವತ್ತು ರಸ್ತೆ ಬಿಡೋದು ಕಷ್ಟ," ಎಂದ.

ಕಾಕಿ ತಂಬಿಗೆಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, "ಇರ್ಲಿ ಬಿಡ್ರಿ, ಮುಂದಿನ ವರ್ಷ..." ಎಂದಳು.

ಆ ಮಾತು ಮುಗಿಯುವ ಮೊದಲೇ ಕಾಕಾ ಕಾರಿನಿಂದ ಇಳಿದಿದ್ದ. ಧೋತರ ಮೇಲೆ ಕಟ್ಟಿ ಡಿಕ್ಕಿ ತೆರೆದ. "ಶರಣ್ರೀ ಸಾಹೇಬ್ರ!"

"ಅಜ್ಜಾ, ನೀವು ಕಾರಲ್ಲಿ ಕೂತ್ಕೊಳ್ಳಿ."

"ಕಾರಿನ್ಯಾಗ ಕೂಡ್ಲಾಕ ನಿಂಬರ್ಗಾದಿಂದ ಬಂದಿಲ್ರಿ. ನೀರ ಅದ, ಹಸಿ ಚೀಲ ಅದಾವ, ಬೇವಿನ ಟೊಂಗಿ ಅದಾವ. ಎಲ್ಲಿ ನಿಂದ್ರು ಅಂತೀರಿ ಅಲ್ಲಿ ನಿಂದ್ರತೇನಿ. ಹುಕುಂ ಕೊಡ್ರಿ!"

ಆ ಕಾವಲುಗಾರ ನನ್ನ ಕಾರನ್ನು ಮೇಲಿನಿಂದ ಕೆಳಗೆ ನೋಡಿದ. ಕಾಡಿನಲ್ಲಿ ಬೆಂಕಿ ಬಿದ್ದಾಗ ಎದುರಿಗೆ ಒಂದು ಬೇವಿನ ಮರ ನೀರು ಹೊತ್ತು ತಾನಾಗಿಯೇ ಬಂದು ನಿಂತರೆ ಯಾರು ತಾನೇ ಬೇಡವೆಂದಾರು? "ರಸ್ತೆ ಅಂಚು ಬಿಟ್ಟು ಮೇಲೆ ಹತ್ತಬಾರದು," ಎಂದು ಕರಾರು ಹಾಕಿ ಒಪ್ಪಿದ.

ಆಮೇಲೆ ನೋಡಬೇಕಿತ್ತು! ಕಾಕಾ ನಿಂತ ವಾಹನಗಳ ಕಿಟಕಿ ಕಿಟಕಿಗೆ ಹೋಗಿ ಗಂಡಸರನ್ನು ಎಬ್ಬಿಸಿ ಕೈಗೊಂದು ಚೀಲ ಕೊಟ್ಟ. ಲಾರಿ ಡ್ರೈವರುಗಳು, ಮದುವೆ ದಿಬ್ಬಣದವರು, ಕೂಲಿಂಗ್ ಗ್ಲಾಸ್ ಹಾಕಿದ ಹುಡುಗರು, ಎಲ್ಲರೂ ರಸ್ತೆಯಂಚಿಗೆ ಸಾಲಾಗಿ ನಿಂತರು. "ಎತ್ತಿ ಬಡೀಬ್ಯಾಡ್ರಿ, ಕಿಡಿ ಹಾರ್ತಾವ! ಒತ್ರಿ, ಒತ್ತಿ ಹಿಡೀರಿ!" ಎಂದು ಈತನ ಕೂಗು. ನಾನು ಕ್ಯಾನು ಬಗ್ಗಿಸಿ ಚೀಲ ತೋಯಿಸುತ್ತಿದ್ದೆ. ಹೌದು, ಎರಡು ದಿನ ನಾನು ಶಪಿಸಿದ ಅದೇ ಕ್ಯಾನು!

ಉರಿ ಸತ್ತಿತು. ಕೊನೆಗೆ ರಸ್ತೆಗೆ ಅಂಟಿಕೊಂಡ ಒಂದು ಒಣಬೊಡ್ಡೆ ಮಾತ್ರ ಒಳಗೊಳಗೆ ಕೆಂಪಗೆ ಉರಿಯುತ್ತಿತ್ತು. "ಇದು ಆರದೆ ಗಾಡಿ ಬಿಡೋ ಹಾಗಿಲ್ಲ," ಎಂದ ಕಾವಲುಗಾರ. ಕ್ಯಾನುಗಳು ಖಾಲಿ. ಎಲ್ಲರ ಚೀಲಗಳೂ ಒಣಗಿ ಕರಕಲು. ಕಾಕಾ ತನ್ನ ಒಣ ಚೀಲ ಹಿಡಿದು ಬೊಡ್ಡೆಯ ಎದುರು ನಿಂತಿದ್ದ.

ಕಾಕಿ ಕಾರಿನಿಂದ ಇಳಿದು ಬಂದಳು. ತಂಬಿಗೆಯ ಬಾಯಿಯ ಅರಿವೆ ಬಿಚ್ಚಿದ್ದಳು.

"ಬ್ಯಾಡ್ ಬೇ," ಎಂದ ಕಾಕಾ. ಆತನ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

"ಹಿಡೀರಿ ಚೀಲ. ಸಮುದ್ರಕ್ಕೇನು ನೀರಿನ ಬರಾ ಬಂದದೇನ್ರಿ?"

ಇಡೀ ತಂಬಿಗೆ ಚೀಲಕ್ಕೆ ಸುರಿದಳು. ಕಾಕಾ ಅದನ್ನು ಬೊಡ್ಡೆಗೆ ಹೊದಿಸಿ ಒತ್ತಿ ಹಿಡಿದ. ಚುಂಯ್ ಎಂದು ಆವಿ ಎದ್ದು, ಕೆಂಪು ಕಪ್ಪಾಯಿತು. ದಿಬ್ಬಣದ ಬಸ್ಸಿನವರು ಸಿಳ್ಳೆ ಹಾಕಿದರು. ವರನೇ ಇಳಿದು ಬಂದು ತನ್ನ ಕೊರಳಿನ ಮಾಲೆ ತೆಗೆದು ಕಾಕಾನಿಗೆ ಹಾಕಿದ! ಇನ್ನೊಂದು ಜನ್ಮಕ್ಕಾಗುವಷ್ಟು ಮಾಲೆ ಸಿಕ್ಕಿತಲ್ಲ ದೇವರೇ ಎಂದುಕೊಂಡೆ. ಉಳಿದ ಚೀಲ, ಟೊಂಗೆಗಳನ್ನೆಲ್ಲ ಕಾವಲುಗಾರರಿಗೇ ಕೊಟ್ಟು, ಕೈಯಲ್ಲಿದ್ದ ಆ ಒಂದು ಚೀಲವನ್ನು ಮಾತ್ರ ಕಾಕಾ ಕಾರಿನೊಳಗೆ ತಂದ.

"ಕಾಕಾ! ನಾರಾಕತ್ತದ, ಸೀಟು ಮಸಿ ಆಗ್ತದ, ಹೊರಗ ಒಗಿ ಅದನ್ನ!"

ಆತ ಚೀಲವನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಘಟ್ಟ ಇಳಿಯುವವರೆಗೂ ಅಂಗೈಯಿಂದ ಮುಚ್ಚಿಕೊಂಡು ಕೂತ.

ಅಂಕೋಲೆಯ ಲಾಡ್ಜಿನ ಬಾಗಿಲಲ್ಲಿ ಮಾಲೀಕರು ಕಾಯುತ್ತಿದ್ದರು. ನಮ್ಮ ಕಪ್ಪು ಮುಖಗಳನ್ನು ನೋಡಿ, "ಎಂತದು ಕಾಕಾ, ನಿಮ್ಮ ಕಡೆ ಹೊಗೆ ಉಂಟಾ?" ಎಂದರು.

"ಇತ್ರೀ. ಆರಿಸಿ ಬಂದೇವಿ!" ಎಂದು ಮಾಲೆ ಸರಿಮಾಡಿಕೊಂಡ ನಮ್ಮ ವೀರ.

ಮುಖ ಕೂಡ ತೊಳೆಯದೆ ದಂಡೆಗೆ ಹೋದೆವು. ಸೂರ್ಯ ಇನ್ನೂ ಮುಳುಗಿರಲಿಲ್ಲ. ಕಾಕಿ ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನ ಮೇಲೆ ನಿಂತು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆಮೇಲೆ, "ಎಲ್ಲೂ ಒಂದು ಬದು ಸೈತ ಇಲ್ಲಲ್ರಿ!" ಎಂದಳು. ಹೊಲದವಳಲ್ಲವೇ! ಮತ್ತೆ ಸ್ವಲ್ಪ ಹೊತ್ತಿಗೆ ಕೇಳಿದಳು: "ಇದs ಏನ್ರಿ, ಮುಂದಿನ ವರ್ಷ?"

"ಇದs ಬೇ," ಎಂದ ಕಾಕಾ.

ಆಕೆ ನಕ್ಕಳು. ನಗುತ್ತಲೇ ಕೈಯಲ್ಲಿದ್ದ ಖಾಲಿ ತಂಬಿಗೆಯನ್ನು ಒಮ್ಮೆ ನೋಡಿ ಸೆರಗಿನಲ್ಲಿ ಮುಚ್ಚಿಕೊಂಡಳು. ನಾನು ನೋಡಿದೆ. ಕಾಕಾನೂ ನೋಡಿದ.

ಆತ ಬಗಲಲ್ಲಿದ್ದ ಸುಟ್ಟ ಗೋಣಿಚೀಲ ಹಿಡಿದು ಸಮುದ್ರಕ್ಕಿಳಿದ. ತೆರೆ ಬಂದು ಧೋತರ ತೋಯಿಸಿತು. ಜನ್ಮದಲ್ಲಿ ಸಮುದ್ರ ಕಾಣದವನು, ಮೊಣಕಾಲುದ್ದ ನೀರಿಗೆ ಹೋಗಿ ನಿಂತು, ಎರಡೂ ಕೈಯಿಂದ ಚೀಲ ಹಿಂಡತೊಡಗಿದ. ಮುಷ್ಟಿ ಬಿಗಿದು, ಹಲ್ಲು ಕಚ್ಚಿ ಹಿಂಡಿದ. ಕಪ್ಪು ನೀರು ಒಂದೊಂದೇ ಹನಿಯಾಗಿ ಸಮುದ್ರಕ್ಕೆ ಬಿತ್ತು. ನಾರುತ್ತದೆ, ಒಗಿ ಎಂದು ಕೂಗಿದ್ದೆನಲ್ಲ ನಾನು! ನನ್ನ ಕಣ್ಣು ತುಂಬಿ ಬಂದು ಸಮುದ್ರವೇ ಕಾಣದಾಯಿತು.

"ನೋಡ್ ಬೇ!" ತೆರೆಗಳ ಸದ್ದಿನ ಮೇಲೆ ಕಾಕಾ ಕೂಗಿದ. "ಮುಟ್ಟಿತು, ಭೀಮಾ ಮುಟ್ಟಿತು!"

ಕಾಕಿ ಚಪ್ಪಲಿ ಅಲ್ಲೇ ಬಿಸಾಕಿ ನೀರಿಗಿಳಿದಳು. ಆತನ ಪಕ್ಕದಲ್ಲಿ ನಿಂತು, ಚೀಲದ ಇನ್ನೊಂದು ತುದಿ ಹಿಡಿದು, ತಾನೂ ಹಿಂಡಿದಳು.