ಆರನೇ ಕಾಲಂಗೆ, ಬಿಟ್ಟುಹೋದ ಮೂರಕ್ಷರದ ವಿಚಾರವಾಗಿ

ಮಾನ್ಯ ಆರನೇ ಕಾಲಂನವರೇ,

ತಮಗೆ ಸಾಷ್ಟಾಂಗ ನಮಸ್ಕಾರಗಳು. ಮಂಡಿ ನೋವಿರುವುದರಿಂದ ಇದನ್ನು ಕುರ್ಚಿಯಲ್ಲಿ ಕೂತೇ ಮಾಡಿದ್ದೇನೆ, ಕ್ಷಮಿಸಬೇಕು. ಐದನೇ ಕಾಲಂ ಆದ 'ವಯಸ್ಸು' ಮತ್ತು ಏಳನೇ ಕಾಲಂ ಆದ 'ಗುರುತಿನ ಮಚ್ಚೆ' ಇವರಿಬ್ಬರ ನಡುವೆ ತಾವು ಎಂದಿನಂತೆ ಎರಡು ಅಂಗುಲ ಅಗಲ, ಅರ್ಧ ಅಂಗುಲ ಎತ್ತರದಲ್ಲಿ ಆರೋಗ್ಯವಾಗಿ ವಿರಾಜಮಾನರಾಗಿರುವುದನ್ನು ಇಂದು ಬೆಳಿಗ್ಗೆ ಕಚೇರಿಯ ಮೇಜಿನ ಮೇಲಿದ್ದ ಪ್ರವೇಶ ಫಾರಂನಲ್ಲಿ ಕಣ್ಣಾರೆ ಕಂಡು ಸಂತೋಷವಾಯಿತು. ನಾನು ವಾಸವಾಗಿರುವ ಈ ವೃದ್ಧರ ಆರೈಕೆ ಮಂದಿರದ ಮೇಲ್ವಿಚಾರಕರಿಗೆ ನಾಲ್ಕು, ಅವರ ಮೇಲಿನ ನಿರ್ದೇಶಕರಿಗೆ ಎರಡು, ಅವರಿಬ್ಬರ ಮೇಲಿನ ಇಲಾಖೆಗೆ ಒಂದು ಅರ್ಜಿ ಬರೆದೆ. ಎಲ್ಲರೂ ಒಂದೇ ಬಾಯಲ್ಲಿ "ನಮ್ಮ ಕೈಲೇನಿದೆ ಅಜ್ಜಿ, ಫಾರಂನಲ್ಲಿ ಹೇಗಿದ್ಯೋ ಹಾಗೆ" ಎಂದರು. ಕೈಯಿರುವವರ ಕೈಯಲ್ಲಿ ಏನೂ ಇಲ್ಲವೆಂದ ಮೇಲೆ, ಹೆಸರಿನಲ್ಲಾದರೂ ಕಾಲಿರುವ ತಮ್ಮ ಕಾಲನ್ನೇ ಹಿಡಿಯುವುದು ಮೇಲೆಂದು ತೀರ್ಮಾನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಪರಿಚಯ ತಮಗಿದೆ, ಆದರೂ ಪದ್ಧತಿ ಬಿಡಬಾರದು. ನಾನು ಮೂವತ್ತೆಂಟು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವಳು. ಪಠ್ಯಪುಸ್ತಕ, ಪಂಚಾಂಗ, ಮದುವೆ ಪತ್ರ, ಶ್ರದ್ಧಾಂಜಲಿ, ಎಲ್ಲವೂ ನನ್ನ ಕೆಂಪು ಪೆನ್ನಿನ ಕೆಳಗೆ ನುಸುಳಿಯೇ ಲೋಕಕ್ಕೆ ಹೋಗಿವೆ. ಆದ್ದರಿಂದಲೇ ಮೊದಲ ದಿನವೇ ನನ್ನ ಕಣ್ಣು ತಮ್ಮ ಶಿರೋನಾಮೆಯ ಮೇಲೆ ಬಿತ್ತು. ತಾವು 'ಸಂಬಂಧ' ಆಗಬೇಕಿತ್ತು, ಅಚ್ಚಾಗಿರುವುದು 'ಸಂಭಂದ'. ಇರಬಾರದ ಅಕ್ಷರಕ್ಕೆ ಮಹಾಪ್ರಾಣ ಬಂದಿದೆ, ಇರಬೇಕಾದ ಅಕ್ಷರದಿಂದ ಹೋಗಿದೆ. ಸ್ವಂತ ಹೆಸರನ್ನೇ ನೆಟ್ಟಗೆ ಬರೆಸಿಕೊಳ್ಳಲಾಗದ ಒಬ್ಬರು ಲೋಕದಲ್ಲಿ ಯಾರಿಗೆ ಯಾರು ಏನಾಗಬೇಕೆಂದು ತೀರ್ಪು ಕೊಡುತ್ತಿರುವುದನ್ನು ನೋಡಿದಾಗ, ವಿದ್ಯೆಗೂ ಅಧಿಕಾರಕ್ಕೂ ಸಂಬಂಧವಿಲ್ಲವೆಂಬ ನನ್ನ ಹಳೆಯ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

ತಮ್ಮ ಹೊಟ್ಟೆಯೊಳಗಿರುವ ನಾಲ್ಕು ಚೌಕಗಳನ್ನಂತೂ ಎಷ್ಟು ಹೊಗಳಿದರೂ ಸಾಲದು. ಗಂಡ-ಹೆಂಡತಿ, ಮಕ್ಕಳು, ರಕ್ತಸಂಬಂಧಿ, ಇತರೆ. ಮನುಷ್ಯರು ಸಾವಿರಾರು ವರ್ಷ ಒಬ್ಬರನ್ನೊಬ್ಬರು ಹಚ್ಚಿಕೊಂಡು, ಜಗಳವಾಡಿ, ಸಾಕಿ, ಸಲಹಿ, ಹೂತು, ಅತ್ತು ಕಂಡುಕೊಂಡದ್ದನ್ನೆಲ್ಲ ತಾವು ನಾಲ್ಕೇ ಚೌಕದಲ್ಲಿ ಮುಗಿಸಿದ್ದೀರಿ. ನಮ್ಮ ಮುದ್ರಣಾಲಯದ ಮಾಲೀಕರು ಇದ್ದಿದ್ದರೆ ಕಾಗದ ಉಳಿಸುವ ಕಲೆಯನ್ನು ತಮ್ಮಿಂದ ಕಲಿಯುತ್ತಿದ್ದರು.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಜೊತೆ ನಲವತ್ತೊಂದು ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯ ಅನ್ನ ಉಂಡು, ಒಂದೇ ಚಾದರದ ಎರಡು ತುದಿಗಳನ್ನು ಎಳೆದಾಡುತ್ತ ಬದುಕಿದವಳು ಒಬ್ಬ ಆಟದ ಟೀಚರು. ಕೊರಳಲ್ಲಿ ಸದಾ ಸೀಟಿ ಇರುತ್ತಿದ್ದರಿಂದ ಶಾಲೆಯ ಮಕ್ಕಳು ಅವಳಿಗೆ ಪೀಪಿ ಎಂದು ಹೆಸರಿಟ್ಟಿದ್ದರು. ಅದೇ ಹೆಸರು ಮನೆಗೂ ಬಂತು. ಮೂರು ವರ್ಷದ ಹಿಂದೆ ನಾವಿಬ್ಬರೂ ಇಲ್ಲಿಗೆ ಸೇರಲು ಬಂದಾಗ, ಕನ್ನಡಕದ ಡಬ್ಬಿ ತಂದದ್ದು ಯಾರೆಂಬ ವಿಚಾರದಲ್ಲಿ ಕಚೇರಿಯ ಮೇಜಿನ ಮುಂದೆಯೇ ನಮ್ಮಿಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಅದನ್ನು ನೋಡಿದ ಗುಮಾಸ್ತೆ, "ಅಕ್ಕ-ತಂಗೀನಾ?" ಎಂದು ಕೇಳಿದಳು. ಪೀಪಿ ನನ್ನ ಮುಖ ನೋಡದೆ, "ಹೂಂ, ಬರ್ಕೊಳ್ಳಮ್ಮ" ಎಂದಳು. ಗುಮಾಸ್ತೆ ತಮ್ಮ ಮೂರನೇ ಚೌಕಕ್ಕೆ ಗುರುತು ಹಾಕಿ, ಪಕ್ಕದಲ್ಲಿ 'ತಂಗಿ' ಎಂದು ಬರೆದಳು. ಒಡಹುಟ್ಟಿದ ಹೆಂಗಸರು ಒಂದೇ ಕೋಣೆಯಲ್ಲಿರಬಹುದೆಂದು ನಿಯಮವಿದೆಯಂತೆ. ಹದಿನಾಲ್ಕನೇ ಕೋಣೆ ಕೊಟ್ಟರು. ಕಿಟಕಿಯ ಹೊರಗೆ ಒಂದು ಬೇಲಿ, ಒಳಗೆ ಎರಡು ಮಂಚ. ಎರಡರ ನಡುವಿನ ಅಂತರ ಹದಿನೆಂಟು ಅಂಗುಲವಿತ್ತು, ಮೂರನೇ ದಿನಕ್ಕೆ ಪೀಪಿ ಅದನ್ನು ಕಾಲಿನಲ್ಲಿ ತಳ್ಳಿ ಸೊನ್ನೆ ಮಾಡಿದಳು. ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ ಎಂಬ ಗಾದೆಯನ್ನು ನಾನು ಕಡಿಮೆಯೆಂದರೆ ಇಪ್ಪತ್ತು ಪುಸ್ತಕಗಳಲ್ಲಿ ತಿದ್ದಿ ಅಚ್ಚಿಗೆ ಕಳಿಸಿದ್ದೇನೆ. ಆ ಸುಳ್ಳಿನಲ್ಲಿ ನಾವು ಎರಡು ವರ್ಷ ನಾಲ್ಕು ತಿಂಗಳು ಪರಮ ಸುಖವಾಗಿದ್ದೆವು.

ಆಮೇಲೆ ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡೆ. ಎಂಟು ತಿಂಗಳ ಹಿಂದೆ ವಿವರಗಳ ನವೀಕರಣವೆಂದು ಅವರವರ ಫಾರಂಗಳನ್ನು ಅವರವರ ಕೈಗೆ ಕೊಟ್ಟರು. ಮೇಲ್ಗಡೆ ದಪ್ಪ ಅಕ್ಷರದಲ್ಲಿ, 'ತಪ್ಪುಗಳಿದ್ದಲ್ಲಿ ತಿದ್ದಿ ಕೊಡಿ' ಎಂದಿತ್ತು. ಮೂವತ್ತೆಂಟು ವರ್ಷ ಕರಡು ತಿದ್ದಿದವಳ ಕೈಗೆ ಪೆನ್ನು ಕೊಟ್ಟು ಈ ಮಾತು ಹೇಳಬಾರದು. ತಮ್ಮ ಹೆಸರಿನ ಮಹಾಪ್ರಾಣವನ್ನು ಸರಿಯಾದ ಜಾಗಕ್ಕೆ ತಂದೆ. 'ತಂಗಿ' ಎಂಬುದರ ಮೇಲೆ ಗೆರೆ ಎಳೆದು, ಅಂಚಿನಲ್ಲಿ ತೆಗೆದುಹಾಕುವ ಗುರುತು ಮಾಡಿ, ಅದರ ಪಕ್ಕ ಸ್ಪಷ್ಟವಾಗಿ 'ನಮ್ಮನೆಯವರು' ಎಂದು ಬರೆದೆ. ಗಂಡ ಹೆಂಡತಿಯನ್ನೂ ಹೆಂಡತಿ ಗಂಡನನ್ನೂ ಹೆಸರು ಹಿಡಿಯದೆ ಹೇಳಲು ಇಷ್ಟು ಸಭ್ಯವಾದ ಮಾತು ನಮ್ಮ ಭಾಷೆಯಲ್ಲಿ ಇನ್ನೊಂದಿಲ್ಲ. ಅದಕ್ಕೆ ಲಿಂಗವೂ ಇಲ್ಲ, ಯಾರ ತಂಟೆಯೂ ಇಲ್ಲ. ಪೀಪಿ ಓದಿ, "ನಿನಗೆ ತಪ್ಪು ಕಂಡ್ರೆ ತಡ್ಕೊಳ್ಳೋಕಾಗಲ್ಲ ಅಲ್ವಾ?" ಎಂದಳು. ಆದರೆ ಆ ಹಾಳೆಯನ್ನು ಅವಳೂ ಎರಡು ಸಲ ಓದಿದಳು, ಆಮೇಲೆ ತಲೆ ಬಾಚಿಕೊಂಡು ಕಚೇರಿಗೆ ತಾನೇ ಹೋಗಿ ಕೊಟ್ಟು ಬಂದಳು.

ಮೇಲ್ವಿಚಾರಕರು ನಿಯಮದ ಪುಸ್ತಕ ತೆರೆದರು. ದಂಪತಿ ಎಂದರೆ ಒಬ್ಬ ಗಂಡು, ಒಬ್ಬ ಹೆಣ್ಣು ಎಂದು ಕಾನೂನು ಹೇಳುತ್ತದಂತೆ, ಆದ್ದರಿಂದ ನಾವು ಮೊದಲನೇ ಚೌಕಕ್ಕೆ ಸೇರುವುದಿಲ್ಲ. ಅಕ್ಕ-ತಂಗಿಯಲ್ಲವೆಂದು ನಾವೇ ಬರೆದುಕೊಟ್ಟಿದ್ದೇವೆ, ಆದ್ದರಿಂದ ಮೂರನೆಯದಕ್ಕೂ ಇಲ್ಲ. ಉಳಿದದ್ದು ನಾಲ್ಕನೆಯದು. ಇತರೆಯವರಿಗೆ ಕೋಣೆ ಸರದಿಯ ಪ್ರಕಾರ. ಪೀಪಿಯನ್ನು ಮಹಡಿಯ ಮೂವತ್ತೊಂದಕ್ಕೆ ಕಳಿಸಿದರು, ನನ್ನ ಪಕ್ಕದ ಮಂಚಕ್ಕೆ ಟೆಲಿಫೋನ್ ಕಚೇರಿಯಿಂದ ನಿವೃತ್ತರಾದ ಒಬ್ಬ ಮಹಿಳೆ ಬಂದರು. ಒಳ್ಳೆಯವರು, ನಿದ್ದೆಯಲ್ಲಿ "ಲೈನ್ ಬ್ಯುಸಿ ಇದೆ" ಎನ್ನುತ್ತಾರೆ. ಎಂದೂ ಮುಖ ನೋಡಿರದ ಹೆಂಗಸಿನ ಪಕ್ಕ ನಾನು ಮಲಗಬಹುದು, ನಲವತ್ತೊಂದು ವರ್ಷ ನೋಡಿದವಳ ಪಕ್ಕ ಮಲಗಬಾರದು ಎಂಬ ತಮ್ಮ ಸೂಕ್ಷ್ಮವನ್ನು ಅರ್ಥಮಾಡಿಕೊಳ್ಳಲು ಇನ್ನೂ ಪ್ರಯತ್ನಿಸುತ್ತಿದ್ದೇನೆ.

ಒಂಬತ್ತನೇ ಕೋಣೆಯಲ್ಲಿ ತಮ್ಮ ಮೊದಲನೇ ಚೌಕದ ಇಬ್ಬರಿದ್ದಾರೆ. ಹನ್ನೊಂದು ವರ್ಷದಿಂದ ಮಾತಿಲ್ಲ. ನಡುವೆ ಒಂದು ಪರದೆ. ಉಪ್ಪು ಬೇಕಾದರೆ ಅಡುಗೆಯವಳ ಮೂಲಕ ಕೇಳಿಸುತ್ತಾರೆ. ಬೇರೆ ಬೇರೆ ಕೋಣೆ ಕೊಡಿರೆಂದು ಆ ಯಜಮಾನರು ಅರ್ಜಿ ಹಾಕಿದ್ದಕ್ಕೆ, ದಂಪತಿಗಳನ್ನು ಅಗಲಿಸಲು ನಿಯಮದಲ್ಲಿ ಅವಕಾಶವಿಲ್ಲವೆಂಬ ಉತ್ತರ ಬಂದಿದೆ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ. ನಮ್ಮ ಅರ್ಜಿ ಅವರಿಗೂ ಅವರ ಅರ್ಜಿ ನಮಗೂ ಮಂಜೂರಾದರೆ ನಾಲ್ಕು ಜನರಿಗೆ ಪುಣ್ಯ ಬರುತ್ತದೆ ಎಂದು ಸೂಚಿಸಿ ನೋಡಿದೆ, ಮೇಲ್ವಿಚಾರಕರು ನಗಲಿಲ್ಲ.

ಹೋದ ತಿಂಗಳು ಹದಿಮೂರನೇ ತಾರೀಖಿನ ಬೆಳಿಗ್ಗೆ ಪೀಪಿ ಮೂವತ್ತೊಂದರ ಬಚ್ಚಲಲ್ಲಿ ಬಿದ್ದಳು. ಪಾರ್ಶ್ವವಾಯು. ಬಲಗೈ ಹೋಯಿತು, ಮಾತು ಅರ್ಧ ಹೋಯಿತು. ಇತರೆಯವರಿಗೆ ತಿಳಿಸಬೇಕೆಂಬ ನಿಯಮವಿಲ್ಲದ್ದರಿಂದ ನನಗೆ ಗೊತ್ತಾದದ್ದು ಮೂರು ಗಂಟೆಯ ನಂತರ, ಅದೂ ನೆಲ ಒರೆಸುವವಳ ಬಾಯಿಂದ. ನಾನು ಹದಿನಾಲ್ಕರಲ್ಲಿ ಕೂತು ಪತ್ರಿಕೆಯ ಕಾಗುಣಿತದ ತಪ್ಪುಗಳನ್ನು ಎಣಿಸುತ್ತಿದ್ದೆ. ಇದಕ್ಕಾಗಿ ನಾನು ತಮ್ಮನ್ನು ಎಂದೂ ಕ್ಷಮಿಸುವುದಿಲ್ಲ, ನನ್ನನ್ನೂ ಕ್ಷಮಿಸಿಕೊಳ್ಳುವುದಿಲ್ಲ.

ಮಹಡಿ ಹತ್ತಿ ಹೋದಾಗ ಡಾಕ್ಟರು ಫೋನಿನಲ್ಲಿದ್ದರು. ಆ ತುದಿಯಲ್ಲಿ ಪೀಪಿಯ ಅಣ್ಣನ ಮಗ, ಏಳುನೂರು ಕಿಲೋಮೀಟರಿನಾಚೆ ಇರುವ, ಕಾನೂನಿನ ಪ್ರಕಾರ ಅವಳ 'ಹತ್ತಿರದ ಸಂಬಂಧಿ'. ಯಾವ ಮಾತ್ರೆ ಅವಳಿಗೆ ಆಗಿಬರುವುದಿಲ್ಲವೆಂದು ಡಾಕ್ಟರು ಕೇಳುತ್ತಿದ್ದರು. ಅವನಿಗೆ ಗೊತ್ತಿಲ್ಲ. ನನಗೆ ಗೊತ್ತು, ಡಾಕ್ಟರಿಂದ ಮೂರು ಅಡಿ ದೂರದಲ್ಲಿ ನಿಂತು ಹೇಳಿದೆ. ಇತರೆಯವರ ಮಾತನ್ನು ದಾಖಲಿಸುವಂತಿಲ್ಲವೆಂದು ಅವರು ಬಹಳ ವಿನಯದಿಂದ ತಿಳಿಸಿದರು. ಹುಡುಗ ಬುದ್ಧಿವಂತ, ಅವರ ಫೋನು ಇಟ್ಟು ನನ್ನ ಫೋನಿಗೆ ಕರೆ ಮಾಡಿ, "ಮೇಡಂ, ಯಾವ್ ಮಾತ್ರೆ ಅದು?" ಎಂದ. ಹೇಳಿದೆ. ಅವನು ಡಾಕ್ಟರಿಗೆ ಹೇಳಿದ. ಡಾಕ್ಟರು ನನ್ನ ಮುಖವನ್ನೇ ನೋಡುತ್ತ ಬರೆದುಕೊಂಡರು. ಸುತ್ತಿ ಬಳಸಿ ಮೂಗು ಹಿಡಿಯುವುದನ್ನು ಕೇಳಿದ್ದೆ, ಮೂಗು ಹಿಡಿಯಲು ಸಾವಿರದ ನಾನೂರು ಕಿಲೋಮೀಟರು ಸುತ್ತಿದ್ದನ್ನು ಅಂದೇ ನೋಡಿದ್ದು. ಅಂದಹಾಗೆ ಈ ಹುಡುಗ ಏಳು ವರ್ಷದವನಿದ್ದಾಗ ರಜೆಗೆ ನಮ್ಮ ಮನೆಗೆ ಬಂದು, ನನ್ನನ್ನು ಏನೆಂದು ಕರೆಯಲಿ ಎಂದು ಕೇಳಿ, ಉತ್ತರಕ್ಕೆ ಕಾಯದೆ, ಅತ್ತೆಯ ಜೊತೆ ಇರುವವರು ಮಾವ ತಾನೇ ಎಂದು ರಜೆಯುದ್ದಕ್ಕೂ ನನ್ನನ್ನು ಮಾವ ಎಂದೇ ಕರೆದ. ಆಮೇಲೆ ದೊಡ್ಡವನಾಗಿ ಓದು ಬರಹ ಕಲಿತ.

ಪೀಪಿಗೆ ಪ್ರಜ್ಞೆ ಚೆನ್ನಾಗಿದೆ. ಬುಧವಾರ ಮತ್ತು ಭಾನುವಾರ, ಇತರೆಯವರಿಗೆ ಮೀಸಲಾದ ಹದಿನೈದು ನಿಮಿಷ ನಾನು ಹೋದರೆ ಎಡಗೈಯಲ್ಲಿ ನನ್ನ ಬೆರಳು ಹಿಡಿದು ಬಿಡುವುದಿಲ್ಲ. ನರ್ಸು ಒಂದೊಂದೇ ಬಿಡಿಸಬೇಕು. ನಾನಿಲ್ಲದ ಹೊತ್ತಿನಲ್ಲಿ ಬಾಗಿಲು ನೋಡುತ್ತ ಒಂದೇ ಮಾತು ಹೇಳುತ್ತಾಳಂತೆ. ಆ ಮಾತನ್ನು ನರ್ಸು ಶ್ರದ್ಧೆಯಿಂದ ಬರೆದಿಟ್ಟಿದ್ದಾಳೆ: 'ರೋಗಿ ಪದೇ ಪದೇ "ನಮ್ಮನೆ, ನಮ್ಮನೆ" ಎನ್ನುತ್ತಾರೆ. ಮನೆಯ ನೆನಪಿನಿಂದ ಕೊರಗುತ್ತಿದ್ದಾರೆ. ಕುಟುಂಬದ ಹತ್ತಿರಕ್ಕೆ ಸ್ಥಳಾಂತರಿಸುವುದು ಸೂಕ್ತ.' ಈ ಟಿಪ್ಪಣಿಯ ಆಧಾರದ ಮೇಲೆ ಅಣ್ಣನ ಮಗ ತನ್ನ ಊರಿನ ಒಂದು ಆರೈಕೆ ಕೇಂದ್ರಕ್ಕೆ ಅವಳನ್ನು ಕಳಿಸಲು ಸಹಿ ಮಾಡಿದ್ದಾನೆ. ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ವಾಹನ.

ಮಾನ್ಯರೇ, ಅದು ಪೂರ್ತಿ ಮಾತಲ್ಲ. ಮೂರಕ್ಷರ ಬಿಟ್ಟುಹೋಗಿದೆ. ಅವಳು ಮನೆ ಕೇಳುತ್ತಿಲ್ಲ, ಮನೆಯವಳನ್ನು ಕೇಳುತ್ತಿದ್ದಾಳೆ. 'ಯವರು' ಎನ್ನುವಷ್ಟರಲ್ಲಿ ನಾಲಿಗೆ ಸೋಲುತ್ತದೆ. ಬಿಟ್ಟುಹೋದ ಅಕ್ಷರ ಸೇರಿಸುವುದು ನನ್ನ ಕಸುಬು, ಸೇರಿಸಲು ಕೆಂಪು ಪೆನ್ನು ಹಿಡಿದು ಮೂರು ಸಲ ಮಹಡಿ ಹತ್ತಿದೆ. ರೋಗಿಯ ಕಡತವನ್ನು ಇತರೆಯವರು ಮುಟ್ಟುವಂತಿಲ್ಲವಂತೆ.

ಆದ್ದರಿಂದ ಪರಿಹಾರಕ್ಕಾಗಿ ನಾನು ಮಾಡಿದ ಯತ್ನಗಳನ್ನು ತಮ್ಮ ಅವಗಾಹನೆಗೆ ತರುತ್ತೇನೆ. ಒಬ್ಬ ವಕೀಲರನ್ನು ಕೇಳಿದೆ. ಮದುವೆಗೆ ಕಾನೂನಿಲ್ಲ, ಬೇಕಾದರೆ ದತ್ತು ತೆಗೆದುಕೊಳ್ಳಬಹುದು, ಆದರೆ ತಾಯಿಗೂ ಮಗಳಿಗೂ ಕನಿಷ್ಠ ಹದಿನೆಂಟು ವರ್ಷ ಅಂತರವಿರಬೇಕು ಎಂದರು. ನನಗೆ ಎಪ್ಪತ್ತಾರು, ಪೀಪಿಗೆ ಎಪ್ಪತ್ತಮೂರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಕಾನೂನು, ಮೂರು ವರ್ಷದ ಕೂಸು ಹೆತ್ತಿತು ಎಂದರೆ ಮಾತ್ರ ಯಾಕೆ ಹಿಂಜರಿಯಬೇಕೋ ತಿಳಿಯಲಿಲ್ಲ. ಐದನೇ ಕಾಲಂ ಆದ ವಯಸ್ಸಿನವರು ತಮ್ಮ ನೆರೆಯವರೇ ಆದ್ದರಿಂದ, ದಯವಿಟ್ಟು ಒಂದು ಮಾತು ಹೇಳಿ ನನ್ನ ವಯಸ್ಸಿಗೆ ಹದಿನೈದು ಸೇರಿಸಿಕೊಡಬೇಕು. ಅದು ಸಾಧ್ಯವಿಲ್ಲದಿದ್ದರೆ, ನಾನು ಹೊಡೆದುಹಾಕಿದ 'ತಂಗಿ'ಯನ್ನು ಮತ್ತೆ ಉಳಿಸಿಕೊಳ್ಳಬೇಕು. ಹೊಡೆದುಹಾಕಿದ ಪದ ಉಳಿಯಲಿ ಎನ್ನಲು ಅದರ ಕೆಳಗೆ ಚುಕ್ಕಿ ಇಡುವುದು ನಮ್ಮ ಕಸುಬಿನ ಪದ್ಧತಿ. ನಿನ್ನೆ ಕಚೇರಿಯಲ್ಲಿ ಯಾರೂ ನೋಡದಾಗ ಚುಕ್ಕಿ ಇಟ್ಟಿದ್ದೇನೆ. ತಪ್ಪೆಂದು ಗೊತ್ತಿದ್ದೂ ನನ್ನ ಪೆನ್ನು ಉಳಿಸಿದ ಮೊದಲ ತಪ್ಪು ಅದು. ಇಂದು ಅದನ್ನು ಕಂಡ ಮೇಲ್ವಿಚಾರಕರು, "ಒಂದ್ಸಲ ನಿಜ ಹೇಳಿದ್ಮೇಲೆ ಮುಗೀತು" ಎಂದರು.

ವಾಹನದಲ್ಲಿ ರೋಗಿಯ ತಲೆಯ ಬಳಿ ಒಂದು ಸೀಟಿದೆ, ಅದು ಸಂಬಂಧಿಕರಿಗೆ. ಅಣ್ಣನ ಮಗನಿಗೆ ರಜೆ ಸಿಕ್ಕಿಲ್ಲ, ಸೀಟು ಖಾಲಿಯೇ ಹೋಗುತ್ತದೆ. ಅವಳು ಏಳುನೂರು ಕಿಲೋಮೀಟರು ಆ ಖಾಲಿ ಸೀಟು ನೋಡುತ್ತ, ಅರ್ಧ ಮಾತು ಹೇಳುತ್ತ ಹೋಗುತ್ತಾಳೆ. ನನಗೆ ಆ ಸೀಟು ಬೇಕು. ಹಾಸ್ಯ ಸಾಕು, ನನಗೆ ಆ ಸೀಟು ಬೇಕು, ಅಲ್ಲಿಗೆ ಹೋದ ಮೇಲೆ ಅವಳ ಪಕ್ಕದ ಮಂಚ ಬೇಕು. ಅದನ್ನು ಕೊಡಲು ತಮ್ಮಲ್ಲಿ ಚೌಕ ಇಲ್ಲವಾದರೆ ಕೊನೆಯ ಒಂದು ವಿನಂತಿ: ವಾಹನದ ಜೊತೆ 'ರೋಗಿಯೊಂದಿಗೆ ಕಳಿಸುವ ಸಾಮಾನುಗಳು' ಎಂಬ ಇನ್ನೊಂದು ಪಟ್ಟಿ ಹೋಗುತ್ತದೆ. ಅದರಲ್ಲಿ ತಾವಿಲ್ಲ, ನಾನು ನೋಡಿದ್ದೇನೆ. ಕನ್ನಡಕ ಒಂದು, ಹಲ್ಲಿನ ಸೆಟ್ಟು ಒಂದು, ಉಣ್ಣೆಯ ಚಾದರ ಒಂದು ಎಂದು ಬರೆದಿರುವುದರ ಕೆಳಗೆ 'ಮುದುಕಿ ಒಂದು, ಹಳೆಯದು' ಎಂದು ಸೇರಿಸಲು ತಾವು ಅಡ್ಡಬರಬಾರದೆಂದು ಕೈಮುಗಿದು ಪ್ರಾರ್ಥಿಸುತ್ತೇನೆ.

ತಮ್ಮ ನಾಲ್ಕನೇ ಚೌಕದಲ್ಲಿ ಕಾಲು ಮಡಚಿಕೊಂಡು ಕೂತಿರುವ,
ತಮ್ಮ ವಿಶ್ವಾಸಿ,
ಇತರೆ

ವಿ.ಸೂ.: ಈ ಪತ್ರ ಮುಗಿಸುವಷ್ಟರಲ್ಲಿ ಗುಮಾಸ್ತೆ ಬಂದಿದ್ದಳು. ಮೂರು ವರ್ಷದ ಹಿಂದೆ ನಮ್ಮನ್ನು ಅಕ್ಕ-ತಂಗಿ ಮಾಡಿದವಳು ಅವಳೇ. ಪಟ್ಟಿಯ ವಿಚಾರವನ್ನು ಬೆಳಿಗ್ಗೆ ಅವಳ ಕಿವಿಗೂ ಹಾಕಿದ್ದೆ. "ಸಾಮಾನಿನ ಪಟ್ಟೀಲಿ ಏನ್ ಬರೀಬೇಕು, ಏನ್ ಬರೀಬಾರದು ಅಂತ ರೂಲೇ ಇಲ್ಲ ಅಜ್ಜಿ, ನಾನು ಪುಸ್ತಕ ಪೂರ್ತಿ ನೋಡ್ದೆ. ಆದ್ರೆ ಪ್ರತಿ ಸಾಮಾನಿನ ಮೇಲೂ ಅದು ಯಾರದ್ದು ಅಂತ ಚೀಟಿ ಅಂಟಿಸಿರ್ಬೇಕು, ಸೀಲ್ ನಾನ್ ಹಾಕ್ತೀನಿ" ಎಂದು, ಸೀಲು ಹಾಕಿದ ಚೀಟಿ ಕೊಟ್ಟು ಹೋದಳು. ಪೀಪಿಯ ಪೂರ್ತಿ ಹೆಸರು ಬರೆದು ಎದೆಯ ಮೇಲೆ ಅಂಟಿಸಿಕೊಂಡಿದ್ದೇನೆ. ನಾನು ಅವಳವಳು ಎಂದು ಸೀಲು ಬಿದ್ದ ಕಾಗದದಲ್ಲಿ ಬರೆದಿರುವುದು ನಲವತ್ತೊಂದು ವರ್ಷದಲ್ಲಿ ಇದೇ ಮೊದಲು. ಸೋಮವಾರ ಹತ್ತು ಗಂಟೆಗೆ, ಉಳಿದ ಸಾಮಾನಿನ ಜೊತೆ, ಗೇಟಿನ ಬಳಿ ಇರುತ್ತೇನೆ.