ಶಾಲು ಕರಡಿಗೆ, ಬೈಗುಳ ನನಗೆ

ಒಂದು ಸಲ ಕೈ ಕರಡಿಯೊಳಗೆ ಹೋಯಿತೆಂದರೆ ಮನುಷ್ಯನಿಗೆ ಮರ್ಯಾದೆ ಉಳಿಯುವುದಿಲ್ಲ. ಇದು ಯಾವುದೋ ಒಂದು ಊರಲ್ಲಿ ಆದದ್ದಲ್ಲ, ಹೋದ ಹೋದಲ್ಲೆಲ್ಲ ಆದದ್ದು.

ತೊಂಬತ್ತರ ದಶಕದಲ್ಲಿ ನಾನು ಚಿಕ್ಕೋಡಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಟಿವಿಯ ಮಕ್ಕಳ ಪಾಠದಲ್ಲಿ ಬೆಲ್ಲಪ್ಪ ಎಂಬ ಕರಡಿಮರಿಯ ಗೊಂಬೆ ಬರುತ್ತಿತ್ತು. ಮಗ್ಗಿ ಹೇಳುತ್ತಿತ್ತು, ಹಲ್ಲುಜ್ಜುವುದು ಕಲಿಸುತ್ತಿತ್ತು. ಒಳಗಿನ ಕೈ ನನ್ನದು, ದನಿಯೂ ನನ್ನದೇ. ರಜೆ ಹಾಕಿ ಬೆಂಗಳೂರಿಗೆ ಹೋಗಿ, ಮೇಜಿನ ಕೆಳಗೆ ಮುದುಡಿ ಕುಳಿತು ಕುಣಿಸಿ ಬರುತ್ತಿದ್ದೆ. ಬೆಲ್ಲಪ್ಪನ ಹೆಸರು ಮನೆಮನೆಗೂ ಗೊತ್ತು. ನನ್ನ ಹೆಸರನ್ನು ಒಬ್ಬರಾದರೂ ಕೇಳಬೇಡವೇ?

ಸತ್ಕಾರ

ರಾಯಬಾಗದ ಕಡೆಯ ಶಾಲೆಯೊಂದು ಸತ್ಕಾರಕ್ಕೆ ಕರೆಯಿತು. ಸತ್ಕಾರವೆಂದರೆ ನಮ್ಮಲ್ಲಿ ರುಮಾಲು, ಶಾಲು, ತೆಂಗಿನಕಾಯಿ ಇರಲೇಬೇಕು. ಇಸ್ತ್ರಿ ಅಂಗಿ ತೊಟ್ಟು, ಬೆಲ್ಲಪ್ಪನನ್ನೂ ಹಿಡಿದುಕೊಂಡು ಹೋದೆ. ಅಧ್ಯಕ್ಷರು ರುಮಾಲು ಸುತ್ತಿದ್ದು ಬೆಲ್ಲಪ್ಪನಿಗೆ! ಶಾಲು ಹೊದಿಸಿದ್ದೂ ಅವನಿಗೇ. ಕಡೆಗೆ ಕಾಯಿಯನ್ನೂ ಅವನ ಕೈಗಿಟ್ಟರು. ಅರಿವೆಯ ಕೈ ಅದನ್ನೆಲ್ಲಿ ಹಿಡಿದೀತು? ಜಾರಿ ನನ್ನ ಪಾದದ ಮೇಲೆ ಬಿತ್ತು. ನಾನು ಒಂಟಿಗಾಲಲ್ಲಿ ಕುಣಿಯುತ್ತಿದ್ದರೆ ಅಧ್ಯಕ್ಷರು ಮೈಕಿನಲ್ಲೇ ಹೇಳಿದರು:

"ಮಾಸ್ತರ, ಸ್ವಲ್ಪ ಬಾಜೂಕ ಸರೀರಿ. ಫೋಟೋದಾಗ ಬೆಲ್ಲಪ್ಪ ಕಾಣವಲ್ಲ."

ಗಜ್ಜರಿ

ಹೋಗಲಿ, ಶಾಲು ಅವನಿಗೆ. ಬೈಗುಳವಾದರೂ ಅವನಿಗೇ ಹೋಗಬೇಕಲ್ಲ?

"ಗಜ್ಜರಿ ತಿನ್ನಿ, ಕಣ್ಣಿಗೆ ಒಳ್ಳೆಯದು" ಎಂದು ಬೆಲ್ಲಪ್ಪ ಟಿವಿಯಲ್ಲಿ ಹೇಳಿದ್ದ. ಗಜ್ಜರಿ ಎಂದರೆ ಕ್ಯಾರೆಟ್. ಸದಲಗಾದ ಒಂದು ಜೈನರ ಮನೆಯಲ್ಲಿ ಮೊಮ್ಮಗಳು ಗಜ್ಜರಿಗೆ ಹಟ ಹಿಡಿದು ಊಟ ಬಿಟ್ಟಳು. ಅಜ್ಜಿ ಬೆಲ್ಲಪ್ಪನ ಸಮೇತ ನನ್ನನ್ನು ಕರೆಸಿದರು.

"ನೆಲದಾಗಿನ ಗಡ್ಡಿ ನಮ್ಮ ಮನಿಯಾಗ ತಿನ್ನೂದಿಲ್ರಿ. ತಪ್ಪಾತು ಅಂತ ಅದರ ಬಾಯಿಂದನ ಅನಸ್ರಿ."

ಬೆಲ್ಲಪ್ಪ ಗಲ್ಲ ಬಡಿದುಕೊಂಡು "ತಪ್ಪಾತ್ರಿ ಅಜ್ಜಿ, ಬೆಂಡಿಕಾಯಿ ತಿಂತೀನಿ" ಎಂದ. ಕೂಸು ನಕ್ಕು ಊಟಕ್ಕೆ ಕುಳಿತಿತು. ಅಜ್ಜಿ ಕರಡಿಯ ತಲೆ ಸವರಿ, ಅದರ ಬಾಯಿಗೆ ಬೆಲ್ಲ-ಕೊಬ್ಬರಿ ಹಿಡಿದು, ಆಮೇಲೆ ನನ್ನತ್ತ ತಿರುಗಿ ಕಣ್ಣು ಕೆಂಪಗೆ ಮಾಡಿದರು:

"ಪಾಪ, ಇದಕ್ಕೇನ ಗೊತ್ತ? ಕೆಟ್ಟದ್ದೆಲ್ಲಾ ನೀವ ಕಲಸಾಕತ್ತೀರಿ!"

ದನಿ

ಕುಡಚಿ ರೈಲು ಸ್ಟೇಷನ್ನಿನಲ್ಲಿ, ಬೆಲ್ಲಪ್ಪನ ದನಿ ನನ್ನದೇ ಎಂದಿದ್ದಕ್ಕೆ ಒಬ್ಬರು ಆ ದನಿ ತೆಗೆಯಲು ಹೇಳಿದರು. ತೆಗೆದೆ. ಅವರು ತಲೆಯಾಡಿಸಿದರು:

"ಅಷ್ಟೇನ್ ಬರೂದಿಲ್ಲ ಬಿಡ್ರಿ ನಿಮಗ. ನಮ್ಮ ಹುಡುಗ ಇದಕ್ಕಿಂತ ಛಲೋ ಮಾಡತಾನ."

ಒಡಪು

ಕಾಗವಾಡದ ಹೆಣ್ಣು ಗೊತ್ತಾಯಿತು. ಮದುವೆಗೆ ಬೆಲ್ಲಪ್ಪ ಬರಲೇಬೇಕೆಂದು ಮಾವನವರು ಹಟ ಹಿಡಿದರು. ನಾನು ಹಲ್ಲು ಕಚ್ಚಿ ಒಪ್ಪಿಕೊಂಡೆ. ಯಾಕೆಂದರೆ ನಾನು ಕಾಯುತ್ತಿದ್ದದ್ದು ಒಡಪಿಗೆ. ಮದುಮಗಳು ಪ್ರಾಸದ ಒಡಪು ಕಟ್ಟಿ ಗಂಡನ ಹೆಸರು ಹೇಳುವತನಕ ಹೆಂಗಸರು ಬಾಗಿಲು ಬಿಡುವುದಿಲ್ಲ. ಅವತ್ತಾದರೂ ನಾಲ್ಕು ಮಂದಿಯ ಮುಂದೆ ನನ್ನ ಹೆಸರು ಗಟ್ಟಿಯಾಗಿ ಬರಬೇಕು, ಅಷ್ಟೇ ನನ್ನ ಆಸೆ.

ಅಕ್ಷತೆ ಮುಗಿಯಿತು. ಹೆಂಗಸರು ಬಾಗಿಲಿಗೆ ಅಡ್ಡ ನಿಂತರು. ಅವಳು ಸೆರಗು ಸರಿಮಾಡಿಕೊಂಡಳು:

"ನಿಪ್ಪಾಣಿ ಸಂತ್ಯಾಗ ತಂದಾರ ಕೆಂಪ ಸೀರಿ,
ಬೆಲ್ಲಪ್ಪನವರ ಹೆಸರ ಹೇಳತೀನಿ, ಬಿಡ್ರಿ ದಾರಿ!"

ಚಪ್ಪರವೇ ಹಾರುವಂತೆ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಬಾಸಿಂಗ ಕಿತ್ತೆಸೆಯುವುದೊಂದು ಬಾಕಿ. "ನನಗೊಂದ ಹೆಸರ ಇಲ್ಲೇನ?" ಎಂದೆ.

ಅವಳು ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದಳು: "ಅದು ಮಂದಿಗೆ ಹೇಳೂ ಹೆಸರ್ರಿ. ನಿಮ್ಮ ಹೆಸರ ನನಗ ಬೇಕಾಗೈತಿ, ಎಲ್ಲಾರಿಗೂ ಯಾಕ ಹಂಚಲಿ?" ಮತ್ತೆ, ಬೇರೆ ಯಾರಿಗೂ ಕೇಳಿಸದಂತೆ, ನನ್ನ ಹೆಸರು ಹೇಳಿದಳು.

ಇಷ್ಟು ವರ್ಷದ ಸಿಟ್ಟು ಅಲ್ಲಿಯೇ ಕರಗಿತು. ಕಣ್ಣೂ ತುಂಬಿತು. ಇನ್ನು ಯಾರು ಏನೇ ಅನ್ನಲಿ, ಸಿಟ್ಟಾಗುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡೆ.

ಅಷ್ಟರಲ್ಲಿ ಊಟದ ಪಂಕ್ತಿಯಿಂದ ಮಾವನವರು ಕೂಗಿದರು:

"ಅಳಿಯಂದ್ರ, ಜಾಗ ಸಾಲವಲ್ದು. ಬೆಲ್ಲಪ್ಪಗ ಎಲಿ ಹಾಕಿಸೀನಿ, ಅವನ್ನ ಕುಂಡ್ರಿಸಿ ಹೋಗ್ರಿ. ನೀವು ಎರಡನೇ ಪಂಕ್ತಿಗೆ ಬರ್ರಿ!"